ಚಂದ್ರವಳ್ಳಿಯ ಬಂಡೆಯೂ ರಹದಾರಿಯ ಕಾಗದವೂ



ಕಳೆದ ತಿಂಗಳು ನನ್ನ ಹಳೆಯ ವಿದ್ಯಾರ್ಥಿಯೊಬ್ಬರು ತಮ್ಮ ಮಗನನ್ನು ಕರೆದುಕೊಂಡು ಮನೆಗೆ ಬಂದಿದ್ದರು. ಹುಡುಗನ ಕೈಯಲ್ಲಿ ದಪ್ಪನೆಯ ಒಂದು ಕಡತ. ಕೆನಡಾ ದೇಶಕ್ಕೆ ಹೋಗಿ ಓದಬೇಕು, ಸಾಧ್ಯವಾದರೆ ಅಲ್ಲಿಯೇ ನೆಲೆಸಬೇಕು ಎಂಬುದು ಅವನ ಆಸೆ. ವೀಸಾ ಕೊಡಿಸುವ ಸಲಹಾ ಸಂಸ್ಥೆಯೊಂದು ಒಪ್ಪಂದದ ಪತ್ರವನ್ನು ಕೊಟ್ಟಿತ್ತು. ತಂದೆಯವರು ಅದನ್ನು ನನ್ನ ಮುಂದಿಟ್ಟು, "ಮುಂಗಡ ಕಟ್ಟುವ ಮೊದಲು ನೀವೊಮ್ಮೆ ಓದಿಬಿಡಿ ಸಾರ್" ಎಂದರು. ನಾನು ಕನ್ನಡಕವನ್ನು ಹುಡುಕುವ ನೆಪದಲ್ಲಿ ಸ್ವಲ್ಪ ಹೊತ್ತು ಸುಮ್ಮನಿದ್ದೆ. ಇದೇ ಮಾತನ್ನು ಹಿಂದೊಮ್ಮೆ ಇನ್ನೊಬ್ಬ ಶಿಷ್ಯ ಇದೇ ಜಗಲಿಯ ಮೇಲೆ ಕುಳಿತು ಹೇಳಿದ್ದ. ಅಂದು ನಾನು ಓದಿದ ರೀತಿ ಸರಿಯಾಗಿರಲಿಲ್ಲ. ಆ ಕಥೆಯನ್ನು ಮುಂದೆ ಹೇಳುತ್ತೇನೆ. "ಕಾಗದವನ್ನು ಇಟ್ಟುಹೋಗಿ, ನಾಳೆ ಸಂಜೆ ಬನ್ನಿ" ಎಂದು ಅವರನ್ನು ಕಳುಹಿಸಿಕೊಟ್ಟೆ. ಮರುದಿನ ಬೆಳಗ್ಗೆ ವಾಡಿಕೆಯಂತೆ ಚಂದ್ರವಳ್ಳಿಯ ಕಡೆಗೆ ನಡೆದೆ. ಈ ಬರೆಹ ಅಲ್ಲಿ ಹುಟ್ಟಿತು.

ಚಂದ್ರವಳ್ಳಿಯನ್ನು ನಿಮಗೆ ಪರಿಚಯಿಸಬೇಕಾಗಿಲ್ಲ. ಚಿತ್ರದುರ್ಗ, ಕಿರುಬನಕಲ್ಲು, ಚೋಳಗುಡ್ಡಗಳ ನಡುವಿನ ಆ ಕಣಿವೆಗೆ ನಿಮ್ಮಲ್ಲಿ ಬಹುಮಂದಿಯನ್ನು ನಾನೇ ಬುತ್ತಿಗಂಟಿನೊಂದಿಗೆ ಸಾಲುಗಟ್ಟಿಸಿ ಕರೆದೊಯ್ದಿದ್ದೇನೆ. ಆ ನೆಲವನ್ನು ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಆರ್. ನರಸಿಂಹಾಚಾರ್ಯರೂ, ತರುವಾಯ ಡಾ. ಎಂ. ಎಚ್. ಕೃಷ್ಣ ಅವರೂ, 1947ರಲ್ಲಿ ಮಾರ್ಟಿಮರ್ ವೀಲರ್ ಅವರೂ ಅಗೆಸಿ ನೋಡಿದರು. ಶಾತವಾಹನರ ಕಾಲದ ನಾಣ್ಯಗಳು ದೊರೆತವು. ಅವುಗಳ ಜೊತೆಗೆ ರೋಮ್ ಚಕ್ರವರ್ತಿಗಳಾದ ಆಗಸ್ಟಸ್ ಮತ್ತು ಟೈಬೀರಿಯಸ್ ಅವರ ಬೆಳ್ಳಿಯ ದಿನಾರಗಳೂ ದೊರೆತವು. ಸಮುದ್ರದಾಚೆಯ ಅರಸನೊಬ್ಬನ ಮುಖವನ್ನು ಹೊತ್ತ ಬೆಳ್ಳಿಯ ಬಿಲ್ಲೆ ನಮ್ಮ ಊರಿನ ಮಣ್ಣಿನವರೆಗೆ ಬಂದಿತೆಂದು ಹೇಳಿದಾಗ ತರಗತಿಯಲ್ಲಿ ಒಬ್ಬ ಹುಡುಗ, "ಅದನ್ನು ತಂದವನು ಯಾರು ಸಾರ್?" ಎಂದು ಕೇಳಿದ್ದ. ನಾಣ್ಯವು ಕೈಯಿಂದ ಕೈಗೆ ದಾಟುತ್ತ ಬಂದಿರುತ್ತದೆ, ಒಬ್ಬನೇ ತಂದಿರಬೇಕಾಗಿಲ್ಲ ಎಂದು ಉತ್ತರಿಸಿದ್ದೆ. ಈಗ ಅನ್ನಿಸುತ್ತದೆ, ನಾಣ್ಯಕ್ಕಿರುವ ಸೌಕರ್ಯ ಮನುಷ್ಯನಿಗಿಲ್ಲ. ಅವನು ಗಡಿಯಲ್ಲಿ ನಿಂತು ತಾನು ಯಾರು, ಎಲ್ಲಿಗೆ ಹೊರಟೆ, ಯಾರ ಅಪ್ಪಣೆಯಿಂದ ಹೊರಟೆ ಎಂಬುದನ್ನು ಹೇಳಲೇಬೇಕು.

ಹುಲಿಗೊಂದಿಯ ಭೈರವೇಶ್ವರ ದೇವಾಲಯದ ಬಳಿಯ ಬಂಡೆಯ ಮೇಲೆ ಕದಂಬ ಮಯೂರಶರ್ಮನ ಶಾಸನವಿದೆ. ಪ್ರಾಕೃತ ಭಾಷೆ, ಬ್ರಾಹ್ಮೀ ಲಿಪಿ, ಕ್ರಿ.ಶ. ನಾಲ್ಕನೆಯ ಶತಮಾನದ ಬರೆವಣಿಗೆ. ಅವನ ಹೆಸರಿನೊಂದಿಗೆ ಇಲ್ಲಿಯ ಕೆರೆಯನ್ನು ಅದು ಸ್ಮರಿಸುತ್ತದೆ. ಅವನು ಗೆದ್ದವರ ಪಟ್ಟಿಯೊಂದನ್ನು ಎಂ. ಎಚ್. ಕೃಷ್ಣ ಅವರು 1929ರಲ್ಲಿ ಓದಿದರು. ಆ ಪಟ್ಟಿಯ ಓದಿನ ವಿಷಯದಲ್ಲಿ ವಿದ್ವಾಂಸರಿಗೆ ಭಿನ್ನಾಭಿಪ್ರಾಯಗಳುಂಟು. ಆದರೆ ಈ ಮನುಷ್ಯನ ಪೂರ್ವಕಥೆಯನ್ನು ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಸ್ತಂಭಶಾಸನವು ಸವಿಸ್ತಾರವಾಗಿ ಹೇಳುತ್ತದೆ. ಅದನ್ನು ರಚಿಸಿದವನು ಕುಬ್ಜನೆಂಬ ಕವಿ.

ಆ ಕಥೆಯನ್ನು ನಾನು ತರಗತಿಯಲ್ಲಿ ವೀರಗಾಥೆಯಾಗಿ ಹೇಳುತ್ತಿದ್ದೆ. ಈಗ ಅದನ್ನು ಬೇರೆ ದೇಶಕ್ಕೆ ಓದಲು ಹೋದ ವಿದ್ಯಾರ್ಥಿಯೊಬ್ಬನ ಕಥೆಯಾಗಿ ಓದಿಕೊಳ್ಳಬೇಕೆನಿಸುತ್ತದೆ. ಮಯೂರಶರ್ಮನು ಗುರು ವೀರಶರ್ಮನೊಡನೆ ಪಲ್ಲವರ ರಾಜಧಾನಿಯಾದ ಕಂಚಿಗೆ ಹೋದನು. ಉನ್ನತ ವಿದ್ಯೆಯ ಕೇಂದ್ರವಾಗಿದ್ದ ಅಲ್ಲಿಯ ಘಟಿಕೆಯನ್ನು ಸೇರಿದನು. ಅಲ್ಲಿ ಪಲ್ಲವರ ಕುದುರೆಸವಾರನೊಡನೆ ಜಗಳವಾಯಿತೆಂದು ಶಾಸನದ ಮಾತನ್ನು ಬಹುಮಟ್ಟಿಗೆ ಅರ್ಥೈಸುತ್ತಾರೆ. ಪರರ ನೆಲದಲ್ಲಿ ಅಪಮಾನಗೊಂಡ ಯುವಕನು ದರ್ಭೆ ಹಿಡಿದ ಕೈಯಲ್ಲಿ ಕತ್ತಿ ಹಿಡಿದನು. ಅವನು ಮೊದಲು ಸೋಲಿಸಿದ್ದು ಪಲ್ಲವರ ಅಂತಪಾಲರನ್ನು, ಅಂದರೆ ಗಡಿ ಕಾಯುವ ಅಧಿಕಾರಿಗಳನ್ನು. ಅವರನ್ನು ದಾಟಿ ಶ್ರೀಪರ್ವತದ ಕಡೆಯ ಕಾಡನ್ನು ಹೊಕ್ಕು ಬಲಗೊಂಡನು. ಕಡೆಗೆ ಪಲ್ಲವರು ಅವನೊಡನೆ ಸಂಧಿ ಮಾಡಿಕೊಂಡು, ಪಶ್ಚಿಮ ಸಮುದ್ರದಿಂದ ಪ್ರೇಹರದವರೆಗಿನ ಭೂಮಿಯನ್ನು ಅವನಿಗೆ ಬಿಟ್ಟುಕೊಟ್ಟರು. ಆ ಸಂಧಿಯಲ್ಲಿ ಒಂದು ಷರತ್ತಿತ್ತು: ಆ ನೆಲವನ್ನು ಇತರರು ಪ್ರವೇಶಿಸಕೂಡದು.

ಈ ಷರತ್ತನ್ನು ನಾನು ಮೂವತ್ತು ವರ್ಷ ಪಾಠ ಹೇಳಿದೆ, ಒಮ್ಮೆಯೂ ಅದರ ಮುಂದೆ ನಿಂತು ಯೋಚಿಸಲಿಲ್ಲ. ಗಡಿಕಾವಲುಗಾರರನ್ನು ಮುರಿದು ಹೊರಬಂದವನೇ ತನ್ನ ನೆಲಕ್ಕೆ ಬೇಲಿಯನ್ನು ಬೇಡಿ ಪಡೆದನು. ಗಡಿ ಎಂಬುದು ಹೊರಗೆ ನಿಂತವನಿಗೆ ಅನ್ಯಾಯವಾಗಿಯೂ ಒಳಗೆ ಕುಳಿತವನಿಗೆ ರಕ್ಷಣೆಯಾಗಿಯೂ ಕಾಣುತ್ತದೆ. ಇಂದಿನ ರಾಯಭಾರ ಕಚೇರಿಯ ಕಿಟಕಿಯ ಈಚೆಗೂ ಆಚೆಗೂ ಇರುವ ವ್ಯತ್ಯಾಸ ಇದೇ. ಗಡಿಯನ್ನು ಕತ್ತಿಯಿಂದ ದಾಟುವುದು ಎಲ್ಲರಿಗೂ ಆಗದ ಕೆಲಸ. ಉಳಿದವರಿಗೆ ಬೇಕಾದುದು ಮುದ್ರೆ.

ಆ ಮುದ್ರೆಯ ವಿಚಾರ ಕೌಟಿಲ್ಯನ ಹೆಸರಿನಲ್ಲಿರುವ ಅರ್ಥಶಾಸ್ತ್ರದಲ್ಲಿದೆ. ಆ ಗ್ರಂಥದ ಓಲೆಯ ಪ್ರತಿಯನ್ನು 1905ರಲ್ಲಿ ಗುರುತಿಸಿ 1909ರಲ್ಲಿ ಅಚ್ಚುಹಾಕಿಸಿದವರು ಮೈಸೂರಿನ ಪ್ರಾಚ್ಯ ಗ್ರಂಥಾಲಯದ ಆರ್. ಶಾಮಾಶಾಸ್ತ್ರಿಗಳೆಂಬುದು ನಮ್ಮ ನಾಡಿನ ಹೆಮ್ಮೆ. ಅದರ ಎರಡನೆಯ ಅಧಿಕರಣದಲ್ಲಿ ಮುದ್ರಾಧ್ಯಕ್ಷನೆಂಬ ಅಧಿಕಾರಿ ಬರುತ್ತಾನೆ. ಒಂದು ಮಾಷಕವನ್ನು ಪಡೆದು ಅವನು ಮುದ್ರೆಯನ್ನು ಕೊಡಬೇಕು. ಮುದ್ರೆಯುಳ್ಳವನು ನಾಡನ್ನು ಪ್ರವೇಶಿಸಬಹುದು, ನಾಡಿನಿಂದ ಹೊರಗೆ ಹೋಗಬಹುದು. ಮುದ್ರೆಯಿಲ್ಲದೆ ಸಿಕ್ಕಿಬಿದ್ದ ನಾಡಿನವನು 12 ಪಣ ದಂಡ ತೆರಬೇಕು. ಖೋಟಾ ಮುದ್ರೆಯಾದರೆ ದಂಡ ಇನ್ನೂ ಹೆಚ್ಚು; ಪರದೇಶದವನ ಕೈಯಲ್ಲಿ ಸಿಕ್ಕಿದರೆ ಎಲ್ಲಕ್ಕಿಂತ ಹೆಚ್ಚು. ದಾರಿಯಲ್ಲಿ ಈ ಮುದ್ರೆಗಳನ್ನು ಪರೀಕ್ಷಿಸುವ ಹೊಣೆ ಗೋಮಾಳಗಳ ಅಧ್ಯಕ್ಷನಾದ ವಿವೀತಾಧ್ಯಕ್ಷನದು. ಗಡಿಯಲ್ಲಿ ಸರಕಿನ ಗಾಡಿಗಳಿಂದ ದಾರಿಸುಂಕ ಪಡೆಯುವವನು ಅದೇ ಅಂತಪಾಲನು.

ಮಕ್ಕಳೇ, ಇಲ್ಲಿ ಮೂರು ಸಂಗತಿಗಳನ್ನು ಗಮನಿಸಿ. ಮುದ್ರೆಗೆ ಬೆಲೆ ಗೊತ್ತುಮಾಡಿದೆ, ಅದು ಗುಟ್ಟಲ್ಲ. ಕೊಡುವವನು ಒಬ್ಬನೇ ಅಧಿಕಾರಿ. ಮುದ್ರೆ ಖೋಟಾ ಆದರೆ ಶಿಕ್ಷೆಯಾಗುವುದು ಸಿಕ್ಕಿಬಿದ್ದವನಿಗೆ; ಮಾಡಿಕೊಟ್ಟವನು ಅಷ್ಟರೊಳಗೆ ಎಲ್ಲಿಯೋ ಇರುತ್ತಾನೆ. ಎರಡು ಸಾವಿರ ವರ್ಷಗಳ ತರುವಾಯವೂ ಈ ಮೂರರಲ್ಲಿ ಒಂದೂ ಬದಲಾಗಿಲ್ಲ.

ಕನ್ನಡದಲ್ಲಿ ನಾವು ಬಳಸುವ 'ರಹದಾರಿ' ಎಂಬ ಪದ ಪಾರಸಿಯಿಂದ ಬಂದುದು. 'ರಾಹ್' ಎಂದರೆ ದಾರಿ. ದಾರಿ ಕಾಯುವವನು ಪಡೆಯುವ ಸುಂಕಕ್ಕೂ ಅವನು ಕೊಡುವ ಚೀಟಿಗೂ ಆ ಹೆಸರು ಸಂದಿತು. ದಾರಿ ಕಾಯುವವನ ಮತ್ತು ದಾರಿ ನಡೆಯುವವನ ನಡುವೆ ಮೂರನೆಯವನೊಬ್ಬನು ದೊಡ್ಡ ಪ್ರಮಾಣದಲ್ಲಿ ಬಂದು ನಿಂತದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. 1834ರಿಂದ ಮಾರಿಷಸ್ ದ್ವೀಪದ ಕಬ್ಬಿನ ತೋಟಗಳಿಗೆ ಕರಾರಿನ ಕೂಲಿಗಳನ್ನು ಕಳುಹಿಸುವ ಪದ್ಧತಿ ಬೆಳೆಯಿತು. 1860ರಲ್ಲಿ ಮದರಾಸಿನಿಂದ ಹೊರಟ ಟ್ರೂರೋ ಎಂಬ ಹಡಗು ನವೆಂಬರ್ 16ರಂದು ದಕ್ಷಿಣ ಆಫ್ರಿಕದ ಡರ್ಬನ್ ಬಂದರನ್ನು ಮುಟ್ಟಿತು. ಐದು ವರ್ಷಗಳ ಕರಾರು. 'ಅಗ್ರಿಮೆಂಟ್' ಎಂಬ ಪದ ಅವರ ಬಾಯಲ್ಲಿ 'ಗಿರ್ಮಿಟ್' ಆಯಿತು. ಊರೂರು ಸುತ್ತಿ ಜನರನ್ನು ಒಪ್ಪಿಸುತ್ತಿದ್ದ ದಲ್ಲಾಳಿಯನ್ನು ಉತ್ತರದವರು 'ಅರ್ಕಾಟಿ' ಎನ್ನುತ್ತಿದ್ದರು. ಅವನಿಗೆ ತಲೆಗೆ ಇಷ್ಟೆಂದು ಹಣ. ಬಂದರಿನಲ್ಲಿ 'ವಲಸಿಗರ ರಕ್ಷಕ' ಎಂಬ ಅಧಿಕಾರಿ ಕರಾರನ್ನು ಓದಿ ಹೇಳಿ, ಒಪ್ಪಿಗೆಯೇ ಎಂದು ಕೇಳಬೇಕೆಂಬ ಕಟ್ಟಳೆಯಿತ್ತು. ಆದರೆ ಊರು ಬಿಟ್ಟು, ಸಾಲ ತಲೆಗೇರಿ, ಬಂದರಿನ ಡಿಪೋದಲ್ಲಿ ದಿನಗಳನ್ನು ಕಳೆದವನು 'ಒಪ್ಪಿಗೆಯಿಲ್ಲ' ಎಂದು ಹೇಗೆ ಹೇಳಿಯಾನು? ಗೋಖಲೆಯವರು 1912ರಲ್ಲಿ ಶಾಸನಸಭೆಯಲ್ಲಿ ಈ ಪದ್ಧತಿಯ ವಿರುದ್ಧ ನಿರ್ಣಯ ಮಂಡಿಸಿದರು. ನೇಮಕಾತಿ ನಿಂತದ್ದು 1917ರಲ್ಲಿ.

ಅದೇ ದಕ್ಷಿಣ ಆಫ್ರಿಕದಲ್ಲಿ ಇದಕ್ಕೆ ವಿರುದ್ಧವಾದ ಇನ್ನೊಂದು ಉದಾಹರಣೆಯೂ ಇದೆ. ಬೋಅರ್ ಯುದ್ಧ ಮುಗಿದ ಮೇಲೆ ಟ್ರಾನ್ಸ್‌ವಾಲ್ ಪ್ರಾಂತಕ್ಕೆ ಮರಳಲು ಭಾರತೀಯರು ಪರವಾನಗಿ ಪಡೆಯಬೇಕಾಗಿತ್ತು. ಅದನ್ನು ಕೊಡಲೆಂದು ಏಷ್ಯಾಟಿಕ್ ಇಲಾಖೆ ಇತ್ತು. 1903ರಲ್ಲಿ ಜೋಹಾನ್ಸ್‌ಬರ್ಗಿನಲ್ಲಿ ವಕೀಲಿ ಆರಂಭಿಸಿದ ಗಾಂಧೀಜಿಯವರ ಬಳಿಗೆ ದಿನವೂ ಒಂದೇ ದೂರು ಬರುತ್ತಿತ್ತು: ಹಕ್ಕುಳ್ಳವರಿಗೆ ಪ್ರವೇಶವಿಲ್ಲ, ಹಕ್ಕಿಲ್ಲದವರು ನೂರು ಪೌಂಡು ತೆತ್ತು ಒಳಗೆ ಬರುತ್ತಾರೆ. ಗಾಂಧೀಜಿಯವರು ಸಾಕ್ಷ್ಯಗಳನ್ನು ಸಂಗ್ರಹಿಸಿ ಪೊಲೀಸ್ ಕಮಿಷನರ ಮುಂದಿಟ್ಟರು. ಇಬ್ಬರು ಅಧಿಕಾರಿಗಳ ಮೇಲೆ ಮೊಕದ್ದಮೆ ನಡೆಯಿತು. ಜ್ಯೂರಿಯವರು ಬಿಡುಗಡೆ ಮಾಡಿದರಾದರೂ, ಸಾಕ್ಷ್ಯ ಬಲವಾಗಿದ್ದುದರಿಂದ ಸರ್ಕಾರ ಅವರನ್ನು ಕೆಲಸದಿಂದ ತೆಗೆಯಿತು. ಇದನ್ನೆಲ್ಲ ಅವರು ಆತ್ಮಕಥೆಯಲ್ಲಿ ಬರೆದಿದ್ದಾರೆ. ಪರವಾನಗಿಯ ವಿಷಯದಲ್ಲಿ ಇತರರಿಗೆ ನೆರವಾಗುವುದೂ ಒಂದು ಗೌರವದ ವೃತ್ತಿ ಎಂಬುದಕ್ಕೆ ನಾನು ಇದಕ್ಕಿಂತ ಒಳ್ಳೆಯ ನಿದರ್ಶನವನ್ನು ಕಾಣೆ. ಕಕ್ಷಿಗಾರನ ಹಕ್ಕು ಏನೆಂದು ತಿಳಿಸುವುದು, ಹಕ್ಕಿಲ್ಲದಿದ್ದರೆ ಇಲ್ಲವೆಂದು ಹೇಳುವುದು, ಕಳ್ಳದಾರಿಯನ್ನು ಮುಚ್ಚಿಸುವುದು. ಅರ್ಕಾಟಿಯೂ ವಕೀಲನೂ ಇಬ್ಬರೂ ಮಧ್ಯಸ್ಥರೇ. ಒಬ್ಬನು ಕಾಗದವನ್ನು ನಮ್ಮಿಂದ ಮರೆಮಾಡುತ್ತಾನೆ, ಇನ್ನೊಬ್ಬನು ನಮ್ಮ ಕೈಗೆ ಕೊಟ್ಟು ಓದಿಸುತ್ತಾನೆ.

ಇಂದಿನ ಅರ್ಥದ ಪಾಸ್‌ಪೋರ್ಟ್ ನಮ್ಮಲ್ಲಿ ಕಡ್ಡಾಯವಾದದ್ದು ಮೊದಲನೆಯ ಮಹಾಯುದ್ಧದ ಕಾಲದಲ್ಲಿ. 1920ರಲ್ಲಿ ಅದಕ್ಕೊಂದು ಕಾಯಿದೆಯೂ ಬಂತು. ಆಗ ಚಿತ್ರದುರ್ಗದವರು ಮೈಸೂರು ಮಹಾರಾಜರ ಪ್ರಜೆಗಳು. ಸಂಸ್ಥಾನಗಳ ಪ್ರಜೆಗಳನ್ನು ವಿದೇಶಗಳಲ್ಲಿ 'ಬ್ರಿಟಿಷ್ ರಕ್ಷಣೆಗೊಳಪಟ್ಟವರು' ಎಂದು ಕರೆಯುತ್ತಿದ್ದರು. ಸ್ವಾತಂತ್ರ್ಯ ಬಂದ ಮೇಲೆಯೂ ಪಾಸ್‌ಪೋರ್ಟ್ ಸರ್ಕಾರದ ಕೃಪೆಯೆಂಬ ಭಾವನೆಯೇ ಉಳಿದಿತ್ತು. 1967ರ ಏಪ್ರಿಲ್‌ನಲ್ಲಿ ಸತ್ವಂತ್ ಸಿಂಗ್ ಸಾಹ್ನಿ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ವಿದೇಶ ಪ್ರಯಾಣವು ವೈಯಕ್ತಿಕ ಸ್ವಾತಂತ್ರ್ಯದ ಭಾಗವೆಂದು ತೀರ್ಪಿತ್ತಿತು. ಅದೇ ವರ್ಷದ ಜೂನ್‌ನಲ್ಲಿ ಪಾಸ್‌ಪೋರ್ಟ್ ಕಾಯಿದೆ ಬಂತು. ಹೊರಡುವ ಹಕ್ಕು ನಮ್ಮದಾಯಿತು. ಒಳಗೆ ಬಿಡುವ ಹಕ್ಕು ಮಾತ್ರ ಆಯಾ ದೇಶದ್ದೇ. ಅಮೆರಿಕವು 1946ರಲ್ಲಿ ಭಾರತೀಯರಿಗೆ ಬಾಗಿಲು ತೆರೆದಾಗ ವರ್ಷಕ್ಕೆ ಗೊತ್ತುಮಾಡಿದ ಸಂಖ್ಯೆ 100. ಅದು ಬದಲಾದುದು 1965ರ ಕಾನೂನಿನಿಂದ. ನಿಮ್ಮಲ್ಲಿ ಎಷ್ಟೋ ಮಂದಿ ಇಂದು ಅಲ್ಲಿ ಕುಳಿತು ಇದನ್ನು ಓದುತ್ತಿರುವುದರ ಹಿಂದೆ ಆ ಕಾನೂನಿದೆ.

ಕೊಲ್ಲಿ ದೇಶಗಳಿಗೆ ದುಡಿಯಲು ಹೋಗುವವರು ಹೆಚ್ಚಾದ ಮೇಲೆ ನಮ್ಮ ಸಂಸತ್ತು 1983ರಲ್ಲಿ ವಲಸೆ ಕಾಯಿದೆಯನ್ನು ಮಾಡಿತು. ಹಡಗಿನ ಕಾಲದ 'ವಲಸಿಗರ ರಕ್ಷಕ'ನ ಹುದ್ದೆ ಅದರಲ್ಲಿಯೂ ಉಳಿಯಿತು. ವಿದೇಶದ ಕೆಲಸಕ್ಕೆ ಜನರನ್ನು ಸೇರಿಸುವ ಏಜೆಂಟನು ನೋಂದಾಯಿಸಿಕೊಂಡಿರಬೇಕು. ಅವನು ಪಡೆಯುವ ಶುಲ್ಕಕ್ಕೆ ಮಿತಿಯುಂಟು. ಆ ಮಿತಿಯನ್ನು ಮುಂದೆ 30,000 ರೂಪಾಯಿ ಮತ್ತು ಅದರ ಮೇಲಿನ ತೆರಿಗೆಗೆ ನಿಗದಿಪಡಿಸಿದರು. ಕಡಿಮೆ ಓದಿದವರು ಕೆಲವು ಗೊತ್ತಾದ ದೇಶಗಳಿಗೆ ದುಡಿಯಲು ಹೊರಟರೆ ರಕ್ಷಕನ ಕಚೇರಿಯ ಪರಿಶೀಲನೆ ಆಗಬೇಕು. ಅವರ ಪಾಸ್‌ಪೋರ್ಟಿನಲ್ಲಿಯೇ ಆ ಮಾತು ನಮೂದಾಗಿರುತ್ತಿತ್ತು. ಮುಂದೆ ಹತ್ತನೆಯ ತರಗತಿಯಲ್ಲಿ ಉತ್ತೀರ್ಣರಾದವರಿಗೆ ಇದರಿಂದ ವಿನಾಯಿತಿ ದೊರೆಯಿತು. ಅಂದರೆ, ಹತ್ತನೆಯ ತರಗತಿ ಮುಗಿಸಿದವನು ತನ್ನ ಕಾಗದವನ್ನು ತಾನೇ ಓದಿಕೊಳ್ಳಬಲ್ಲನೆಂದು ಕಾನೂನು ನಂಬಿತು. ಆ ನಂಬಿಕೆಯನ್ನು ನಿಜ ಮಾಡುವ ಹೊಣೆ ನನ್ನಂಥ ಮೇಷ್ಟ್ರುಗಳದ್ದಾಗಿತ್ತು.

ಈಗ ಆರಂಭದಲ್ಲಿ ಹೇಳಿದ ಕಥೆಗೆ ಬರುತ್ತೇನೆ. ಅದು 1994ರ ಬೇಸಿಗೆ. ಎಂಟು ವರ್ಷಗಳ ಹಿಂದೆ ನನ್ನ ಕೈಯಲ್ಲಿ ಎಸ್.ಎಸ್.ಎಲ್.ಸಿ. ಓದಿದ್ದ ಹುಡುಗನೊಬ್ಬ ಬಂದ. ಹೆಸರು ಬೇಡ. ಚರಿತ್ರೆಯಲ್ಲಿ ಚುರುಕು, ಇಂಗ್ಲಿಷಿನಲ್ಲಿ ಹಿಂದೆ. ಮಳೆಯಿಲ್ಲದ ಎರಡು ವರ್ಷಗಳಲ್ಲಿ ಶೇಂಗಾ ಕೈಕೊಟ್ಟು ಮನೆಯ ಸ್ಥಿತಿ ಇಳಿದಿತ್ತು. ಕೊಲ್ಲಿ ದೇಶದ ಕಂಪನಿಯೊಂದರಲ್ಲಿ ಉಗ್ರಾಣದ ಕೆಲಸವೆಂದು ಏಜೆಂಟನೊಬ್ಬ ಹೇಳಿದ್ದ. 45,000 ರೂಪಾಯಿ ಕೇಳಿದ್ದ. ಹುಡುಗನ ತಂದೆ ಒಂದು ಎಕರೆ ಹೊಲವನ್ನು ಮಾರಲು ಒಪ್ಪಿಕೊಂಡಿದ್ದರು. ವೀಸಾದ ಕಾಗದವನ್ನು ನನ್ನ ಕೈಗಿತ್ತು, "ಇದರಲ್ಲಿ ಏನು ಬರೆದಿದೆ, ಓದಿ ಹೇಳಿ ಸಾರ್" ಎಂದ.

ನಾನು ಓದಿದೆ. 'ವಿಸಿಟ್' ಎಂಬ ಪದ ಸ್ಪಷ್ಟವಾಗಿತ್ತು. 60 ದಿನ ಎಂದಿತ್ತು. "ಇದರ ಅರ್ಥವೇನು?" ಎಂದು ಕೇಳಿದ. "ಭೇಟಿ ಎಂದರ್ಥ" ಎಂದೆ. "ಹೋದ ಮೇಲೆ ಬದಲಾಯಿಸಿಕೊಡುತ್ತಾರಂತೆ" ಎಂದ. "ಹಾಗಿದ್ದರೆ ಸರಿ" ಎಂದೆ. ಕೆಲಸದ ಹೆಸರಾಗಲಿ ಸಂಬಳವಾಗಲಿ ಆ ಕಾಗದದಲ್ಲಿ ಎಲ್ಲಿಯೂ ಇರಲಿಲ್ಲ. ಏಜೆಂಟನಿಗೆ ಪರವಾನಗಿ ಇದೆಯೇ ಎಂದು ಕೇಳಲಿಲ್ಲ. ಪಾಸ್‌ಪೋರ್ಟಿನಲ್ಲಿ ವಲಸೆಯ ಪರಿಶೀಲನೆ ಅಗತ್ಯವೆಂದಿರುವಾಗ ದುಡಿಯಲು ಹೋಗುವವನನ್ನು ಭೇಟಿಯ ವೀಸಾದಲ್ಲಿ ಏಕೆ ಕಳುಹಿಸುತ್ತಾರೆಂದು ಯೋಚಿಸಲಿಲ್ಲ. ಆ ಪರಿಶೀಲನೆಯಿಂದ ತಪ್ಪಿಸಿಕೊಳ್ಳುವುದಕ್ಕಾಗಿಯೇ ಹಾಗೆ ಕಳುಹಿಸುತ್ತಾರೆಂದು ತಿಳಿದದ್ದು ಬಹಳ ತಡವಾಗಿ. ನಾನು ಪದದ ಅರ್ಥವನ್ನು ಹೇಳಿದೆ, ಕಾಗದದ ಅರ್ಥವನ್ನು ಹೇಳಲಿಲ್ಲ. ಮೇಷ್ಟ್ರು ಓದಿ ಸರಿಯೆಂದರು ಎಂಬ ಮಾತು ಅವನ ಮನೆಯವರಿಗೆ ಸಾಕಾಯಿತು. ಮರುವಾರ ಹೊಲದ ಕ್ರಯವಾಯಿತು.

ಅವನು ಹನ್ನೊಂದು ತಿಂಗಳಿಗೆ ಮರಳಿದ. ಉಗ್ರಾಣವೆಂಬುದು ಇರಲಿಲ್ಲ. 60 ದಿನ ಕಳೆದ ಮೇಲೆ ಅವನು ಆ ದೇಶದ ಕಾನೂನಿನ ದೃಷ್ಟಿಯಲ್ಲಿ ಅಪರಾಧಿಯಾದ. ಕಟ್ಟಡಗಳಲ್ಲಿ ಮರೆಯಾಗಿ ದುಡಿದ. ಕೊಟ್ಟಾಗ ಕೂಲಿ, ಕೊಡದಾಗ ಇಲ್ಲ. ಕಡೆಗೆ ದಂಡ ತೆತ್ತು, ಯಾರದೋ ದಯೆಯ ಟಿಕೆಟ್ಟಿನಲ್ಲಿ ಊರು ಸೇರಿದ. ನನ್ನ ಮನೆಗೆ ಬಂದಾಗ ಅವನು ನನ್ನನ್ನು ದೂಷಿಸಲಿಲ್ಲ. ದೂಷಿಸಿದ್ದರೆ ನನಗೆ ಹಗುರವಾಗುತ್ತಿತ್ತು. ಅವನು ಕೇಳಿದ್ದು ಒಂದೇ: "ಸಾರ್, ನನ್ನ ಮಾರ್ಕ್ಸ್ ಕಾರ್ಡ್ ಏಜೆಂಟನ ಹತ್ತಿರವೇ ಉಳಿಯಿತು. ಇನ್ನೊಂದು ಪ್ರತಿ ಸಿಕ್ಕುತ್ತದೆಯೇ?" ಏಜೆಂಟನ ಕೊಠಡಿಗೆ ಅಷ್ಟರಲ್ಲಿ ಬೀಗ ಬಿದ್ದಿತ್ತು. ಶಾಲೆಯಿಂದ ಪತ್ರ ಬರೆಯಿಸಿ, ಪ್ರಮಾಣಪತ್ರ ಮಾಡಿಸಿ, ಅವನೊಡನೆ ನಾನೇ ಬೆಂಗಳೂರಿಗೆ ಎರಡು ಸಲ ಹೋಗಿ ಆ ನಕಲನ್ನು ತಂದುಕೊಟ್ಟೆ. ನನ್ನಿಂದ ಆದದ್ದು ಅಷ್ಟೇ. ಹೊಲ ಮರಳಿ ಬರಲಿಲ್ಲ.

ಇದು ಹಳೆಯ ಕಾಲದ ಮಾತೆಂದು ತಳ್ಳಿಹಾಕಬೇಡಿ. 2023ರಲ್ಲಿ ಕೆನಡಾದಲ್ಲಿದ್ದ ಅನೇಕ ಭಾರತೀಯ ವಿದ್ಯಾರ್ಥಿಗಳ ಕಾಲೇಜು ಪ್ರವೇಶಪತ್ರಗಳು ಖೋಟಾ ಎಂದು ಹೊರಬಿತ್ತು. ಅವುಗಳನ್ನು ಒದಗಿಸಿದವನು ಇಲ್ಲಿಯ ಏಜೆಂಟ್. ಗಡೀಪಾರಿನ ನೋಟೀಸು ಬಂದದ್ದು ವಿದ್ಯಾರ್ಥಿಗಳಿಗೆ. ಅದೇ ಡಿಸೆಂಬರ್ 1ರಿಂದ ಆ ದೇಶವು ಪ್ರತಿಯೊಂದು ಪ್ರವೇಶಪತ್ರವನ್ನೂ ಕಾಲೇಜಿನಿಂದಲೇ ದೃಢಪಡಿಸಿಕೊಳ್ಳತೊಡಗಿತು. ಭದ್ರತಾ ಸಹಾಯಕರ ಕೆಲಸವೆಂದು ನಂಬಿ ರಷ್ಯಾಕ್ಕೆ ಹೋಗಿ, ಯುದ್ಧಭೂಮಿಗೆ ತಳ್ಳಲ್ಪಟ್ಟ ನಮ್ಮ ಕಲಬುರಗಿ ಜಿಲ್ಲೆಯ ಯುವಕರು 2024ರ ಸೆಪ್ಟೆಂಬರಿನಲ್ಲಿ ಮನೆ ಸೇರಿದರು. ಕೌಟಿಲ್ಯನ ಕೂಟಮುದ್ರೆಯ ಮಾತನ್ನು ಇಲ್ಲಿ ನೆನೆಯಿರಿ.

ಹಾಗೆಂದು ಊರು ಬಿಟ್ಟು ಹೋಗುವುದೇ ತಪ್ಪೆಂದು ನಾನು ಹೇಳುತ್ತಿಲ್ಲ. ನಮ್ಮ ಹಕ್ಕಿಪಿಕ್ಕಿ ಜನರನ್ನು ನೋಡಿ. ಶಾಲೆಯ ಮೆಟ್ಟಿಲು ಹೆಚ್ಚು ಹತ್ತದ ಆ ಸಮುದಾಯದವರು ಗಿಡಮೂಲಿಕೆ, ಎಣ್ಣೆಗಳನ್ನು ಹೊತ್ತು ಆಫ್ರಿಕದ ದೇಶಗಳವರೆಗೆ ವ್ಯಾಪಾರಕ್ಕೆ ಹೋಗಿಬರುತ್ತಾರೆ. 2023ರ ಏಪ್ರಿಲ್‌ನಲ್ಲಿ ಸುಡಾನಿನಲ್ಲಿ ಅಂತರ್ಯುದ್ಧ ಆರಂಭವಾದಾಗ ಅವರಲ್ಲಿ ಅನೇಕರು ಅಲ್ಲಿ ಸಿಲುಕಿದ್ದರು. ಸರ್ಕಾರವು 'ಆಪರೇಷನ್ ಕಾವೇರಿ' ಎಂಬ ಹೆಸರಿನಲ್ಲಿ ಭಾರತೀಯರನ್ನು ಕರೆತಂದಾಗ ಅವರೂ ಬಂದರು. ನಮ್ಮ ಅಂಕಲಿಮಠಕ್ಕೆ ಆ ಹೆಸರು ಬಂದದ್ದೂ ಬೆಳಗಾವಿಯ ಕಡೆಯ ಅಂಕಲಗಿಯಿಂದ ಬಂದು ನೆಲೆಸಿದ ಸ್ವಾಮಿಗಳಿಂದ ಎಂಬ ಪ್ರತೀತಿಯಿದೆ. ಹೋಗುವವರೂ ಬರುವವರೂ ಇರುವುದರಿಂದಲೇ ಊರು ಊರಾಗಿರುತ್ತದೆ.

ಅಂದು ಸಂಜೆ ತಂದೆ ಮಗ ಇಬ್ಬರೂ ಬಂದರು. ಈ ಸಲ ನಾನು ಒಪ್ಪಂದವನ್ನು ಮೂರು ಬಾರಿ ಓದಿದ್ದೆ. ಭಾಷೆ ಸೊಗಸಾಗಿತ್ತು. ಹದಿನಾಲ್ಕನೆಯ ಕಲಮಿನಲ್ಲಿ ಹೀಗಿತ್ತು: ಅರ್ಜಿಯ ಖಾತೆಯನ್ನು ಸಂಸ್ಥೆಯೇ ತನ್ನ ಇ-ಮೇಲ್ ವಿಳಾಸದಿಂದ ತೆರೆಯುವುದು, ಪಾಸ್‌ವರ್ಡ್ ಸಂಸ್ಥೆಯ ಬಳಿಯಲ್ಲಿಯೇ ಇರುವುದು. ಅಂದರೆ ತನ್ನ ಹೆಸರಿನಲ್ಲಿ ಏನು ಬರೆದಿದ್ದಾರೆಂಬುದನ್ನು ಹುಡುಗ ನೋಡಲಾರ. ಮೂಲ ದಾಖಲೆಗಳನ್ನೂ ಅವರಿಗೆ ಒಪ್ಪಿಸಬೇಕಾಗಿತ್ತು. ನನಗೆ ಬೀಗ ಬಿದ್ದ ಆ ಕೊಠಡಿ ನೆನಪಾಯಿತು. ಕೆನಡಾಕ್ಕೆ ಸಂಬಂಧಿಸಿ ಹಣ ಪಡೆದು ವಲಸೆಯ ಸಲಹೆ ಕೊಡುವವರು ಆ ದೇಶದಲ್ಲಿ ಮಾನ್ಯತೆ ಪಡೆದ ವಕೀಲರಾಗಿರಬೇಕು, ಇಲ್ಲವೇ ಅಲ್ಲಿಯ ಪರವಾನಗಿ ಪಡೆದ ಸಲಹೆಗಾರರಾಗಿರಬೇಕು. ಪರವಾನಗಿ ಉಳ್ಳವರ ಪಟ್ಟಿಯನ್ನು ಯಾರು ಬೇಕಾದರೂ ಅಂತರಜಾಲದಲ್ಲಿ ನೋಡಬಹುದು. ಹುಡುಗ ಅಲ್ಲಿಯೇ ತನ್ನ ಮೊಬೈಲಿನಲ್ಲಿ ಹುಡುಕಿದ. ಒಪ್ಪಂದಕ್ಕೆ ರುಜು ಹಾಕಿದವರ ಹೆಸರು ಆ ಪಟ್ಟಿಯಲ್ಲಿ ಸಿಗಲಿಲ್ಲ. ತಂದೆ ಮಾತಾಡದೆ ಕಾಗದವನ್ನು ಮಡಿಚಿ ಜೇಬಿಗಿಟ್ಟುಕೊಂಡರು.

ಇಷ್ಟರಿಂದ ನಾನು ಕಲಿತದ್ದನ್ನು ನಿಮ್ಮ ಮಕ್ಕಳಿಗೂ ಹೇಳಿ. ಅಪ್ಪಣೆ ಕೊಡುವವನು ಒಬ್ಬನೇ, ಆ ದೇಶದ ಅಧಿಕಾರಿ. ಮಧ್ಯಸ್ಥನು ಅರ್ಜಿ ಬರೆದುಕೊಡಬಹುದು, ದಾಖಲೆ ಜೋಡಿಸಿಕೊಡಬಹುದು, ತಪ್ಪು ತೋರಿಸಬಹುದು. ಆ ಶ್ರಮಕ್ಕೆ ನ್ಯಾಯವಾದ ಹಣ ಕೊಡೋಣ. 'ವೀಸಾ ಗ್ಯಾರಂಟಿ' ಎನ್ನುವವನು ತನ್ನದಲ್ಲದ್ದನ್ನು ಮಾರುತ್ತಿದ್ದಾನೆ. ದುಡಿಯಲು ಹೋಗುವವನ ಕಾಗದದಲ್ಲಿ ದುಡಿಮೆಯ ಹೆಸರೂ ಸಂಬಳವೂ ಇರಬೇಕು. ಏಜೆಂಟನ ನೋಂದಣಿಯನ್ನು ಸರ್ಕಾರದ ಇ-ಮೈಗ್ರೇಟ್ ತಾಣದಲ್ಲಿ ನೋಡಬಹುದು. ಮೂಲ ಅಂಕಪಟ್ಟಿಯನ್ನು ಯಾರ ಮೇಜಿನ ಮೇಲೂ ಬಿಟ್ಟುಬರಬಾರದು. ರುಜು ನಿಮ್ಮದಾದ ಮೇಲೆ ಸುಳ್ಳು ಯಾರದ್ದಾದರೂ ದಂಡ ನಿಮ್ಮದೇ.

ನನ್ನ ಆ ಹಳೆಯ ಶಿಷ್ಯ ಈಗ ಊರಿನಲ್ಲಿಯೇ ಸಣ್ಣದೊಂದು ಅಂಗಡಿ ಇಟ್ಟುಕೊಂಡಿದ್ದಾನೆ. ಚಂದ್ರವಳ್ಳಿಯಿಂದ ಮರಳುವಾಗ ಒಮ್ಮೊಮ್ಮೆ ಅಲ್ಲಿ ಕುಳಿತು ಬರುತ್ತೇನೆ. ಅವನ ಮಗಳು ಹೋದ ವರ್ಷ ಹತ್ತನೆಯ ತರಗತಿ ಮುಗಿಸಿದಳು. ಅಂಕಪಟ್ಟಿಯನ್ನು ನನಗೆ ತೋರಿಸಿ, ಮತ್ತೆ ತಗಡಿನ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದ.

ನಿಮ್ಮಲ್ಲಿ ಯಾರಿಗಾದರೂ ಇಂಥ ಕಾಗದವೊಂದನ್ನು ಯಾರಿಗಾದರೂ ತೋರಿಸಬೇಕೆನಿಸಿದರೆ ಸಂಕೋಚವಿಲ್ಲದೆ ತನ್ನಿ, ಅಥವಾ ಕಳುಹಿಸಿ. ಕಾನೂನು ಬಲ್ಲವನು ನಾನಲ್ಲ. ಆದರೆ ನಿಧಾನವಾಗಿ ಓದುತ್ತೇನೆ, ನೀವು ಕೇಳದ ಪ್ರಶ್ನೆಯನ್ನೂ ಕೇಳುತ್ತೇನೆ.